ಗೌಡರಿಗೊಂದು ಹಪ್ಪಳದ ಉಂಡೆ

ನಿಮ್ಮ ಅಮ್ಮನ ಹೆಸರನ್ನು ಕೋಳಿ ಕರುಳಿನ ಪಕ್ಕದಲ್ಲಿ ಯಾವತ್ತಾದರೂ ಓದಿದ್ದೀರಾ?

ನಾನು ಓದಿದೆ. ಕಳೆದ ಭಾನುವಾರ, ಶರಾವತಿ ಹಿನ್ನೀರಿನ ದಂಡೆಯಲ್ಲಿ. ಆ ಶಾಕ್‌ನಿಂದ ಇನ್ನೂ ಪೂರ್ತಿ ಹೊರಬಂದಿಲ್ಲ. ಹಾಗಾಗಿ ಈ ವಾರ ಬೇರೆ ವಿಷಯ ಬರೆಯುವುದು ನನ್ನಿಂದ ಆಗದ ಮಾತು.

ಸಾಗರದಲ್ಲಿ ಸೋದರತ್ತೆಯ ಮಗಳ ಸೀಮಂತ ಮುಗಿಸಿಕೊಂಡು ಸ್ಕೂಟರಿನಲ್ಲಿ ಹೊಸನಗರಕ್ಕೆ ವಾಪಸಾಗುತ್ತಿದ್ದೆ. ಸೇತುವೆ ದಾಟಿದ ಮೇಲೆ ನೀರಿನ ಅಂಚಿನಲ್ಲಿ ಒಂದು ಪರಿಚಯದ ಕೆಂಪು ಕ್ಯಾಪ್ ಕಂಡಿತು. ನಮ್ಮ ಪಕ್ಕದ ಮನೆಯ ಸುಧಾಕರ ಗೌಡರು. ಪೇಟೆಯಲ್ಲಿ ಅವರದ್ದು ಪಂಪ್‌ಸೆಟ್ ಅಂಗಡಿ. ವಾರವಿಡೀ ಮೋಟಾರು ಮಾರುತ್ತಾರೆ, ಭಾನುವಾರ ಗಾಳ ಹಾಕುತ್ತಾರೆ. ಮಾತಾಡಿಸಿ ಹೋಗೋಣ ಎಂದು ಸ್ಕೂಟರ್ ನಿಲ್ಲಿಸಿ ಇಳಿದೆ. (ಸೀಮಂತದ ಊಟ ಭರ್ಜರಿಯಾಗಿ, ಕಣ್ಣು ಎಳೆಯುತ್ತಿತ್ತು ಎನ್ನುವುದೂ ನಿಜ.)

ನಿದ್ದೆ ಹಾರಿಹೋಯಿತು.

ಕಲ್ಲಿನ ಮೇಲೆ ಹಳೆಯ ಪೇಪರ್ ಹಾಸಿತ್ತು. ಅದರ ಮೇಲೆ ಕೋಳಿ ಕರುಳು. (ನೀವೀಗ ಓದುತ್ತಿರುವ ಇದೇ ಪೇಪರ್, ನನ್ನ ಅಂಕಣದ ಇದೇ ಪುಟ. ನನ್ನ ಫೋಟೊ ಅರ್ಧ ಕಾಣುತ್ತಿತ್ತು. ಅದನ್ನು ಹೇಗೋ ನುಂಗಿಕೊಂಡೆ.) ಪಕ್ಕದಲ್ಲಿ ಫಳಫಳ ಹೊಳೆಯುವ ಒಂದು ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ: ಭಾಗೀರಥಿ, ಹೊಸನಗರ.

ನನ್ನ ಅಮ್ಮ!

ಡಬ್ಬಿಯೊಳಗೆ ಅಮ್ಮನ ಹಲಸಿನ ಹಪ್ಪಳದ ಹಿಟ್ಟು. ಗೌಡರು ಅದರಲ್ಲಿ ಒಂದು ನಿಂಬೆ ಗಾತ್ರ ಚಿವುಟಿಕೊಂಡರು. ಅಂಗೈಯಲ್ಲಿ ತಟ್ಟಿ ಅಗಲ ಮಾಡಿದರು. ನಡುವೆ ಒಂದು ತುಂಡು ಕರುಳಿಟ್ಟು, ನಾವು ಕಡುಬಿಗೆ ಹೂರಣ ತುಂಬುತ್ತೇವಲ್ಲ, ಹಾಗೇ ಅಂಚು ಮುಚ್ಚಿ ಕೊಕ್ಕೆಗೆ ಸಿಕ್ಕಿಸಿದರು. ನಾನು ಬಾಯಿ ಬಿಟ್ಟುಕೊಂಡು ನಿಂತೆ.

ನಿಮಗೆ ಹಿನ್ನೆಲೆ ಹೇಳಬೇಕು. ನಮ್ಮ ಕಡೆ ಹಲಸಿನ ಹಪ್ಪಳ ಮಾಡುವ ದಿನ ಹಿಟ್ಟನ್ನೇ ಉಂಡೆ ಕಟ್ಟಿ, ಮೇಲೆ ಕೊಬ್ಬರಿ ಎಣ್ಣೆ ಹಾಕಿ ತಿನ್ನುವ ಸುಖವೇ ಬೇರೆ. ಹಪ್ಪಳ ಒಣಗುವವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಅಕ್ಕಪಕ್ಕದವರಿಗೂ ಒಂದೊಂದು ಉಂಡೆ ಹೋಗುತ್ತದೆ. ಅಮ್ಮನ ಮೊದಲ ಉಂಡೆ ಯಾವಾಗಲೂ ಗೌಡರಿಗೆ. ಮಗಳಾದ ನನಗೂ ಆಮೇಲೆ.

ಯಾಕೆಂದರೆ ಗೌಡರಷ್ಟು ಹೊಗಳುವವರು ಇನ್ನೊಬ್ಬರಿಲ್ಲ. "ಅಮ್ಮಾ, ನಿಮ್ಮ ಹಿಟ್ಟಿಗೆ ಸಮ ಇಲ್ಲ ಬಿಡಿ. ಒಂದ್ಸಲಾನೂ ಫೇಲಾಗಿಲ್ಲ" ಎನ್ನುತ್ತಾರೆ. ಡಬ್ಬಿ ತೊಳೆದು ಬೆಳಗಿ ವಾಪಸ್ ತರುತ್ತಾರೆ. ಖಾಲಿ ಪಾತ್ರೆ ಕೊಡಬಾರದಲ್ಲ? ಒಳಗೆ ನಿಂಬೆಹಣ್ಣೋ, ಒಂದು ಹಿಡಿ ಕರಿಬೇವೋ ಇದ್ದೇ ಇರುತ್ತದೆ. ಅಮ್ಮ ಆ ದಿನ ಸುಮ್ಮಸುಮ್ಮನೆ ನಗುತ್ತಿರುತ್ತಾಳೆ.

"ಇದೇನ್ ಗೌಡ್ರೇ ಇದು?" ಅಂತೂ ನನ್ನ ಬಾಯಿಂದ ಮಾತು ಹೊರಟಿತು.

ಗೌಡರಿಗೆ ನಾಚಿಕೆಯಾಗಬಹುದು ಅಂದುಕೊಂಡಿದ್ದೆ. ಎಲ್ಲಿ? ಉತ್ಸಾಹ ಬಂತು!

"ಬಾಳೆ ಮೀನಿಗೆ ಅಕ್ಕ. ದೊಡ್ಡದು. ಎರೆಹುಳ ಹಾಕಿದ್ರೆ ಚಿಲ್ರೆ ಮೀನೇ ಬಂದು ಕಿತ್ಕಂಡು ಹೋಗ್ತಾವೆ. ಬರೀ ಕರುಳು ಹಾಕಿದ್ರೆ ನೀರಲ್ಲಿ ಬಿಡ್ಕಂಡ್ ಹೋಗ್ತದೆ. ಗೋಧಿ ಹಿಟ್ಟು ನೋಡ್ದೆ, ಮೈದಾ ನೋಡ್ದೆ, ಎರಡೂ ಕರಗ್ತಾವೆ. ಅಮ್ಮನ ಹಿಟ್ಟು ನೋಡಿ, ಏನು ಅಂಟು! ಏನು ವಾಸನೆ! ದೊಡ್ಡ ಮೀನು ಎಲ್ಲಿದ್ರೂ ಹುಡ್ಕಂಡ್ ಬರ್ತದೆ."

ನಾನು ಏನಾದರೂ ಹೇಳುವ ಮೊದಲೇ ದಾರ ಬಿಗಿಯಾಯಿತು. ಗೌಡರು ಎಳೆದರು, ಬಿಟ್ಟರು, ಮತ್ತೆ ಎಳೆದರು. ಕೊನೆಗೆ ದಂಡೆಗೆ ಬಂದು ಬಿದ್ದ ಆ ಪ್ರಾಣಿಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಹೋದೆ. ಉದ್ದ ಮೀಸೆ, ಕಿವಿಯವರೆಗೆ ಬಾಯಿ. ನನ್ನ ಸ್ಕೂಟರಿನ ಫುಟ್‌ಬೋರ್ಡ್ ಮೇಲೆ ಇಟ್ಟರೆ ಎರಡೂ ಕಡೆ ಹೊರಗೆ ಚಾಚುವಷ್ಟು ಉದ್ದ. ಮೀಸೆಗೆ ಹಪ್ಪಳದ ಹಿಟ್ಟು ಮೆತ್ತಿತ್ತು.

"ಅಮ್ಮಂಗೆ ಹೇಳಿ ಅಕ್ಕ, ಇವತ್ತಿನ ಹಿಟ್ಟು ಸೂಪರ್ ಅಂತ!"

ಹೇಳುವುದಾ? ಏನಂತ ಹೇಳುವುದು? ದಾರಿಯುದ್ದಕ್ಕೂ ತಲೆಯಲ್ಲಿ ಅದೇ. ಈರುಳ್ಳಿ ಮುಟ್ಟಿದ ಚಾಕುವನ್ನೂ ಬೇರೆ ಇಡುವ ಅಮ್ಮ ನನ್ನವಳು. ಅದೇ ಡಬ್ಬಿಯಲ್ಲಿ ಚೌತಿಗೆ ಪಂಚಕಜ್ಜಾಯ ತುಂಬಿ ಭಟ್ಟರ ಮನೆಗೆ ಕಳಿಸುತ್ತಾಳೆ. (ಭಟ್ಟರು ಈ ಅಂಕಣ ಓದುತ್ತಾರೆ. ದಯವಿಟ್ಟು ಇಲ್ಲಿಗೇ ನಿಲ್ಲಿಸಿಬಿಡಿ.) ಹೇಳಿದರೆ ಗೌಡರ ಮನೆಗೂ ನಮ್ಮ ಮನೆಗೂ ನಡುವಿನ ಬೇಲಿ ಗೋಡೆಯಾಗುವುದು ಗ್ಯಾರಂಟಿ. ಹೇಳದಿದ್ದರೆ ಮುಂದಿನ ಚೌತಿ?

ಊರು ಹತ್ತಿರ ಬಂದಾಗ ಇನ್ನೊಂದು ಹೊಳೆಯಿತು. ಮೊದಲಿನದಕ್ಕಿಂತ ದೊಡ್ಡ ಆಘಾತ. ಸ್ಕೂಟರನ್ನೇ ಪಕ್ಕಕ್ಕೆ ನಿಲ್ಲಿಸಿಬಿಟ್ಟೆ.

ಗೌಡರು ಬರೀ ಹೊಗಳುತ್ತಿರಲಿಲ್ಲ, ಸಲಹೆಯನ್ನೂ ಕೊಡುತ್ತಿದ್ದರು. "ಅಮ್ಮಾ, ಇನ್ನೊಂಚೂರು ಗಟ್ಟಿ ಇರ್ಲಿ." "ಅಮ್ಮಾ, ಇಂಗು ಸ್ವಲ್ಪ ಮುಂದಿರ್ಲಿ." ರುಚಿ ಬಲ್ಲ ಮನುಷ್ಯ ಎಂದು ಅಮ್ಮ ಅದನ್ನೆಲ್ಲ ಶಿರಸಾವಹಿಸಿ ಪಾಲಿಸಿದಳು. ಹಿಟ್ಟು ವರ್ಷದಿಂದ ವರ್ಷಕ್ಕೆ ಗಟ್ಟಿಯಾಯಿತು, ಇಂಗು ಏರಿತು. ಅದೇ ಹಿಟ್ಟಿನ ಹಪ್ಪಳವೇ ನಮ್ಮ ಮನೆಯ ಡಬ್ಬಗಳಲ್ಲಿರುವುದು. ತೀರ್ಥಹಳ್ಳಿಯ ಅಕ್ಕನ ಮನೆಯಲ್ಲಿ ಇರುವುದೂ ಅದೇ. ಅವಳ ಬೀಗರು ಬಾಯಿ ಚಪ್ಪರಿಸಿ ತಿಂದದ್ದೂ ಅದೇ.

ಅಂದರೆ ನಾವೆಲ್ಲ ಇಷ್ಟು ವರ್ಷ ತಿಂದಿದ್ದು ಬಾಳೆ ಮೀನಿನ ನಾಲಿಗೆಗೆ ಹೊಂದಿಸಿದ ಹಪ್ಪಳ!

ಮನೆಗೆ ಬಂದೆ. ಅಮ್ಮ ಜಗಲಿಯಲ್ಲಿ ಒಣಗಿದ ಹಪ್ಪಳ ಜೋಡಿಸುತ್ತಿದ್ದಳು. ನನ್ನ ಮುಖ ನೋಡಿದವಳೇ, "ಎಂತ ಆತೇ?" ಎಂದಳು. ಮುಚ್ಚಿಡುವ ವಿದ್ಯೆ ನನಗೆ ಬರುವುದಿಲ್ಲ. ಎಲ್ಲ ಹೇಳಿಬಿಟ್ಟೆ. ಡಬ್ಬಿ, ಕರುಳು, ಮೀಸೆಗೆ ಮೆತ್ತಿದ ಹಿಟ್ಟು, ಒಂದನ್ನೂ ಬಿಡಲಿಲ್ಲ.

ಅಮ್ಮನ ಕೈ ನಿಂತಿತು. ಮುಖ ಬಿಳಿಚಿಕೊಂಡಿತು. ನಾನು ನೀರು ತರಲು ಎದ್ದೆ.

"ಡಬ್ಬಿ ಬಿಡು, ತೊಳೆದ್ರೆ ಹೋಗ್ತು" ಎಂದಳು. "ಅವ್ರ ಮನೇಲಿ ಮೀನು ಮಾಡ್ತ ಅಂತ ಮೊದ್ಲೇ ಗೊತ್ತಿದ್ದು." ಆಮೇಲೆ ತೀರಾ ಸಣ್ಣ ದನಿಯಲ್ಲಿ ಕೇಳಿದಳು:

"ಹಂಗಾರೆ ಅವ್ರು ಒಂದು ಉಂಡೆನೂ ತಿಂದಿದ್ವಿಲ್ಯ?"

ನಾನು ನಿಂತಲ್ಲೇ ನಿಂತೆ. ಮಡಿ ಹೋಯಿತು ಎಂದು ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಇವಳ ಕಣ್ಣಲ್ಲಿ ನೀರಿತ್ತು. ಉಂಡೆಯನ್ನು ಮೀನು ತಿಂದಿದ್ದಕ್ಕಲ್ಲ. ಗೌಡರು ತಿನ್ನದೇ ಇದ್ದಿದ್ದಕ್ಕೆ.

ಯೋಚಿಸಿ. ನಾವು ಕೊಟ್ಟಿದ್ದಕ್ಕೆ "ಸೂಪರ್" ಎಂಬ ಉತ್ತರ ಬಂದರೆ ಸಾಕು, ತೃಪ್ತರಾಗಿಬಿಡುತ್ತೇವೆ. ಉಡುಗೊರೆ ಕೊಟ್ಟ ಸೀರೆ ಯಾರ ಮೈಮೇಲಿದೆ, ಕಳಿಸಿದ ಉಪ್ಪಿನಕಾಯಿ ಯಾರ ತಟ್ಟೆಯಲ್ಲಿದೆ, ಯಾರು ಹೋಗಿ ನೋಡುತ್ತಾರೆ? ಬೆಳಿಗ್ಗೆ ಬರೆದು ಕಳಿಸಿದ್ದಕ್ಕೆ ವಾಟ್ಸ್ಆ್ಯಪ್‌ನಲ್ಲಿ ಹೆಬ್ಬೆರಳು ಬರುತ್ತದೆ. ಓದಿದರಾ? ದೇವರೇ ಬಲ್ಲ. (ನನ್ನ ಅರ್ಧ ಫೋಟೊ ನೆನಪಿಸಿಕೊಳ್ಳಿ.) ನೋಡಲು ಹೋಗದಿರುವುದೇ ಕ್ಷೇಮ ಅಂತ ಈಗ ಅನ್ನಿಸುತ್ತಿದೆ. ಆದರೆ ಅಮ್ಮನಿಗೆ ಹಾಗನ್ನಿಸಲಿಲ್ಲ.

"ಅವ್ರನ್ನ ಕರೆ" ಎಂದಳು.

ಸಂಜೆ ಗೌಡರು ಬಂದರು. ಕೈಯಲ್ಲಿ ಬೆಳಗಿದ ಡಬ್ಬಿ, ಒಳಗೆ ನಿಂಬೆಹಣ್ಣು. ನನ್ನ ಮುಖ, ಅಮ್ಮನ ಮುಖ ನೋಡಿದರು. ವಿಷಯ ಅರ್ಥವಾಯಿತು. ಪಂಪ್‌ಸೆಟ್ ಅಂಗಡಿಯಲ್ಲಿ ಗಿರಾಕಿಗಳ ಬಾಯಿ ಮುಚ್ಚಿಸುವ ಮನುಷ್ಯ ಈಗ ಕ್ಯಾಪ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ತಪ್ಪಾಯ್ತು ಅಮ್ಮಾ. ಮೊದ್ಲನೇ ವರ್ಷ ತಿನ್ಬೇಕು ಅಂತಲೇ ತಗಂಡ್ ಹೋಗಿದ್ದೆ. ಗಾಳಕ್ಕೆ ಹಾಕಿ ನೋಡೋಣ ಅನ್ನಿಸ್ತು. ದೊಡ್ಡ ಮೀನೇ ಬಿತ್ತು. ಆಮೇಲೆ ತಿನ್ನಕ್ಕೆ ಮನಸ್ಸೇ ಬರ್ಲಿಲ್ಲ."

ಅಮ್ಮ ಒಳಗೆ ಹೋದಳು. ಬಾಳೆ ಎಲೆಯ ತುಂಡಿನಲ್ಲಿ ಉಳಿದಿದ್ದ ಹಿಟ್ಟಿನದೇ ಒಂದು ಉಂಡೆ, ಮೇಲೆ ಕೊಬ್ಬರಿ ಎಣ್ಣೆ ಹಾಕಿ ತಂದು ಅವರ ಮುಂದಿಟ್ಟಳು.

"ಕೂತ್ಕೊಳ್ಳಿ. ನನ್ನೆದುರಿಗೇ ತಿನ್ನಿ."

ಗೌಡರು ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಮುರಿದರು. ಎಣ್ಣೆಗೆ ಅದ್ದಿದರು. ಬಾಯಿಗಿಟ್ಟರು. ಅಗಿದರು, ಇನ್ನೂ ಅಗಿದರು. ಪರೀಕ್ಷೆಯ ರಿಸಲ್ಟ್ ಕಾಯುವವಳಂತೆ ಅಮ್ಮ ಕಂಬ ಹಿಡಿದು ನಿಂತಿದ್ದಳು.

"ಹೇಗಿದೆ?"

ಗೌಡರು ನುಂಗಿದರು. ಇನ್ನು ಸುಳ್ಳು ಹೇಳಬಾರದು ಎಂದು ಆ ಕ್ಷಣದಲ್ಲೇ ತೀರ್ಮಾನಿಸಿರಬೇಕು, ಪುಣ್ಯಾತ್ಮ.

"ಚೆನ್ನಾಗಿದೆ ಅಮ್ಮಾ. ಆದ್ರೆ... ಇಂಗು ಒಂಚೂರು ಜಾಸ್ತಿ ಆಯ್ತೇನೋ."

ಅಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಹೌದಾ? ಮೀನು ಒಂದಿನಾನೂ ಹಾಗೆ ಹೇಳ್ಲಿಲ್ವಲ್ಲ ಗೌಡ್ರೇ!"