ನಾಕಾದ ಮೇಜಿನ ಮೇಲೆ ಓತಿಕ್ಯಾತ

ಬಂಕಾಪುರದಿಂದ ಸವಣೂರಿಗೆ ಹೊರಟ ನಮ್ಮ ಮೋಟಾರು ಸವಣೂರು ಸಂಸ್ಥಾನದ ಗಡಿಯಲ್ಲಿದ್ದ ಸುಂಕದ ನಾಕಾದಲ್ಲಿ ನಿಂತಿತು. ಎಲ್ಲರ ಗಂಟುಗಳೂ ದಾಟಿದವು. ನನ್ನ ಪೆಟ್ಟಿಗೆ ಮಾತ್ರ ನಾಕಾ ಸಾಹೇಬರ ಮೇಜಿಗೆ ಹೋಯಿತು.

"ಏನೈತ್ರಿ ಇದರಾಗ?"

"ಓತಿಕ್ಯಾತ. ಬಸರಿ ಐತ್ರಿ."

ಸಾಹೇಬರು ನಗಲಿಲ್ಲ, ಮುಚ್ಚಳ ತೆಗೆದರು. ಬಯಲುಸೀಮೆಯ ಈ ಪ್ರಾಣಿ ಮಳೆ ಬಿದ್ದು ನೆಲ ಹಸಿಯಾಗುವವರೆಗೆ ತತ್ತಿಗಳನ್ನು ಹೊಟ್ಟೆಯಲ್ಲೇ ತಡೆದುಕೊಳ್ಳುತ್ತದೆ ಎಂಬುದು ನನ್ನ ಊಹೆ. ಅದಕ್ಕೇ ಪೆಟ್ಟಿಗೆಗೆ ಒಣಮಣ್ಣು ತುಂಬಿ, ಒಂದು ಹನಿ ನೀರೂ ಸೋಕದಂತೆ ಹಿರೇಕೆರೂರಿನಿಂದ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಇನ್ನೂ ಎಷ್ಟು ದಿನ ತಡೆಯುತ್ತದೆಂದು ನಾನು ಕಲಿಸುವ ಕಾಲೇಜಿನಲ್ಲಿ ನೋಡುವುದಿತ್ತು. ಇದನ್ನೆಲ್ಲ ವಿವರಿಸುತ್ತಿದ್ದಂತೆಯೇ ಸಾಹೇಬರು ತಮ್ಮ ತಂಬಿಗೆಯ ನೀರನ್ನು ಪೆಟ್ಟಿಗೆಯೊಳಗೆ ಸುರುವಿದರು.

"ಅಯ್ಯ, ಏನ್ ಮಾಡಿದ್ರಿ!"

"ಬಸರಿ ಅಂತೀರಿ, ನೀರರೆ ಕುಡಸಬ್ಯಾಡೇನ್ರಿ?"

ರೇಗಿದೆ, ಗಂಟಲು ಹರಿಯುವಂತೆ ವಾದಿಸಿದೆ. ಅಷ್ಟರಲ್ಲಿ ಓತಿಕ್ಯಾತ ಹಸಿಮಣ್ಣನ್ನು ಮೂಸಿ, ಮುಂಗಾಲಿನಿಂದ ತೋಡತೊಡಗಿತು. ತೋಡಿದ ಕುಳಿಗೆ ಬೆನ್ನು ತಿರುಗಿಸಿ ಕುಳಿತು ಬಿಳಿಯ ತತ್ತಿಗಳನ್ನು ಇಡಲು ಶುರುಮಾಡಿತು. ನನ್ನ ಜೋಪಾನವೆಲ್ಲ ಮಣ್ಣುಪಾಲು. ಹೊರಗೆ ಡ್ರೈವರ ಹಾರ್ನು ಒತ್ತಿದ. ಪೆಟ್ಟಿಗೆ ಎತ್ತಲು ಕೈ ಚಾಚಿದರೆ ಸಾಹೇಬರು ಅಡ್ಡ ಬಂದರು.

"ಹಡಿಯಾಕತ್ತಾಳ್ರಿ! ಈಗ ಅಳ್ಳಾಡಸಬ್ಯಾಡ್ರಿ. ನಿಮ್ಮ ಮನ್ಯಾಗ ಹೆಣ್ಣಮಕ್ಳು ಇಲ್ಲೇನ್ರಿ?"

ಮೋಟಾರು ನನ್ನನ್ನು ಬಿಟ್ಟು ಹೊರಟುಹೋಯಿತು. ಸಾಹೇಬರು ತಲೆಯ ರುಮಾಲು ಬಿಚ್ಚಿ, ಮೇಜಿನ ಮೇಲೆ ಬೀಳುತ್ತಿದ್ದ ಕಿಟಕಿಯ ಬಿಸಿಲಿಗೆ ಅಡ್ಡ ಕಟ್ಟಿ, ನನಗೆ ಗದ್ದಲ ಮಾಡಬೇಡಿರೆಂದು ಸನ್ನೆ ಮಾಡಿದರು.