ಬರ್ತೀನಿ ಎಂದು ಹೊರಟವಳು

ಮೊನ್ನೆ ಚಳ್ಳಕೆರೆಯಲ್ಲಿ ಮೊಳಕಾಲ್ಮೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬಸ್ಸಿನ ಕಿಟಕಿಯಿಂದ ಒಬ್ಬ ಹೆಂಗಸು ಅರ್ಧ ಹೊರಗೆ ಬಾಗಿ, ಕೆಳಗೆ ನಿಂತ ತಂಗಿಗೆ "ಬರ್ತೀನೇ, ಬರ್ತೀನೇ" ಎಂದು ಕೂಗುತ್ತಿದ್ದಳು. ಬಸ್ಸು ಅವಳನ್ನು ಹೊತ್ತುಕೊಂಡು ಹೋಗಿಯೇ ಬಿಟ್ಟಿತು. ಇದರಲ್ಲಿ ನಿಮಗೆ ವಿಚಿತ್ರವೇನೂ ಕಾಣುವುದಿಲ್ಲ. ನನಗೂ ಕಾಣುತ್ತಿರಲಿಲ್ಲ, ಜರ್ಮನಿಗೆ ಹೋಗಿ ಬರುವ ತನಕ.

ನೋಡಿ, ಬರೀ "ಹೋದೆ" ಎಂದು ಬರೆಯಲು ಈಗಲೂ ಕೈ ಏಳುವುದಿಲ್ಲ. ನಮ್ಮದು ಮೊಳಕಾಲ್ಮೂರಿನ ನೇಕಾರರ ಮನೆ. ನಡುಮನೆಯಲ್ಲಿ ಮಗ್ಗ, ಉಳಿದ ಜಾಗದಲ್ಲಿ ನಾವು. ಯಾರಾದರೂ ಚಪ್ಪಲಿ ಮೆಟ್ಟುತ್ತಾ "ಹೋಗ್ತೀನಿ" ಅಂದರೆ ಮಗ್ಗದ ಸದ್ದಿನ ನಡುವೆಯೂ ಅದು ಅವ್ವನ ಕಿವಿಗೆ ಬೀಳುತ್ತದೆ. "ಬಿಡ್ತು ಅನ್ನು! ಹೋಗ್ತೀನಿ ಅಂತಾರೇನೇ? ಬರ್ತೀನಿ ಅನ್ನು." ಪಕ್ಕದ ಮನೆಯ ಅತ್ತೆಯದು ತೆಲುಗು. ಅವರೂ "ಪೊಯ್ಯೊಸ್ತಾ", ಅಂದರೆ ಹೋಗಿ ಬರ್ತೀನಿ, ಅಂದೇ ಹೊಸ್ತಿಲು ದಾಟುವುದು. ಬರೀ ಹೋಗುವುದು ಏನಿದ್ದರೂ ಸತ್ತವರ ಕೆಲಸ.

ಬಟ್ಟೆ ವಿನ್ಯಾಸ ಓದುತ್ತಿದ್ದಾಗ ಲೈಪ್ಜಿಗ್ ಊರಿನ ಒಂದು ವಸ್ತುಸಂಗ್ರಹಾಲಯದಲ್ಲಿ ನನಗೆ ಮೂರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತ್ತು. ಹಳೆಯ ಬಟ್ಟೆಗಳ ಹರಿದ ಅಂಚಿಗೆ ಸೂಜಿ ಹಾಕುವ ಕೆಲಸ. ಉಳಿದುಕೊಂಡದ್ದು ರೆನಾಟೆ ಎಂಬ ಒಂಟಿ ಹೆಂಗಸಿನ ಮನೆಯ ಕೋಣೆಯಲ್ಲಿ. ಅರವತ್ತು ದಾಟಿದವರು, ನಿವೃತ್ತರಾಗುವ ತನಕ ಟ್ರಾಮ್ ಓಡಿಸಿದವರು. ತನ್ನನ್ನು ಹೆಸರು ಹಿಡಿದೇ ಕರೆಯಬೇಕೆಂದು ಅವರ ಹಟ. ಹಿರಿಯರನ್ನು ಹಾಗೆ ಕರೆಯಲು ನಾಲಿಗೆ ಹೊರಳದೆ, ಏನಾದರೂ ಬೇಕಾದಾಗ ಅವರ ಬೆನ್ನ ಹಿಂದೆ ನಿಂತು ಕೆಮ್ಮುತ್ತಿದ್ದೆ. ಅವರು ಪಾಪ, ಔಷಧಿ ತಂದುಕೊಟ್ಟರು. ಕುಡಿದೆ.

ಆ ಊರಿಗೆ ಒಗ್ಗಿಕೊಂಡೆ ಎಂದು ಹೇಳಲಾರೆ. ಅದರ ಜೊತೆ ಜಗಳವಾಡದೆ ಇದ್ದೆ, ಅಷ್ಟೆ. ಬ್ರೆಡ್ಡು ಗಟ್ಟಿ. ಬೇಸಿಗೆಯಾದ್ದರಿಂದ ಊಟದ ಹೊತ್ತಾದರೂ ಸೂರ್ಯ ಮುಳುಗದೆ, ಅನ್ನಕ್ಕಿಡಬೇಕೋ ಟೀಗಿಡಬೇಕೋ ತಿಳಿಯುತ್ತಿರಲಿಲ್ಲ. ಬೀದಿಯಲ್ಲಿ ಒಬ್ಬರೂ "ಯಾವ ಕಡೆಗಮ್ಮಾ?" ಎಂದು ಕೇಳುತ್ತಿರಲಿಲ್ಲ. ಮೊದಲಿಗೆ ಹಾಯೆನಿಸಿದ್ದು ಹೌದು. ಆಮೇಲಾಮೇಲೆ, ಯಾರೂ ಕೇಳದಿದ್ದರೂ ನಾನೇ ಹೇಳಿ ಹೊರಡತೊಡಗಿದೆ.

ಬೆಳಿಗ್ಗೆ ಬಾಗಿಲಲ್ಲಿ ನಿಂತು, ಕಲಿತಷ್ಟು ಜರ್ಮನ್‌ನಲ್ಲಿ "ಇಶ್ ಕೊಮ್ಮೆ" ಎಂದು ಕೂಗುತ್ತಿದ್ದೆ. ಬರ್ತೀನಿ ಅಂತ. ಕೂಗಿ, ಬಾಗಿಲೆಳೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನ ರೆನಾಟೆ ತಡೆದು ನಿಲ್ಲಿಸಿದರು. ಅವರ ಅರೆಬರೆ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ದಿನಾ ಬರ್ತೀನಿ ಅಂತ ಕೂಗ್ತೀಯ. ನಾನು ಅಡುಗೆಮನೆಯಲ್ಲಿ ನಿನ್ನ ಕಾಫಿ ಬಗ್ಗಿಸಿಕೊಂಡು ಕೂತಿರ್ತೀನಿ. ನೀನು ಬರೋದೇ ಇಲ್ಲ. ಟ್ರಾಮು ಹೀಗೆ ಮಾಡಿದ್ರೆ ಜನ ಸುಮ್ಮನಿರ್ತಾರಾ?"

ನಾಚಿಕೆಯಿಂದ ನೆಲ ನೋಡುತ್ತಾ ನಮ್ಮ ಕಡೆಯ ಪದ್ಧತಿ ವಿವರಿಸಿದೆ.

"ಹೋಗ್ತೀನಿ ಅಂದರೆ ಏನಾಗುತ್ತೆ?"

"ತಿರುಗಿ ಬರೋಲ್ಲ ಅಂತ ಆಗುತ್ತೆ."

ಅವರು ಕಾಫಿಯ ಲೋಟ ಕೆಳಗಿಟ್ಟರು. "ನನ್ನ ಗಂಡ ಒಂದು ತಪ್ಪೂ ಇಲ್ಲದ ಜರ್ಮನ್‌ನಲ್ಲಿ ತಿರುಗಿ ಬರ್ತೀನಿ ಅಂತ ಹೇಳಿ ಹೋದ," ಅಂದರು. ಮರುದಿನದಿಂದ ನನ್ನ ಕೂಗಿಗೆ ಒಳಗಿನಿಂದ, ನಾನು ಹೇಳಿಕೊಟ್ಟ "ಬಾ" ಎಂಬ ಉತ್ತರ ಬರತೊಡಗಿತು. ಕಾಫಿ ಸಂಜೆಗೆ ವರ್ಗವಾಯಿತು.

ಹೊರಡುವ ದಿನ ಹತ್ತಿರವಾದಂತೆ ನನಗೆ ಫಜೀತಿ ಶುರುವಾಯಿತು. ಮತ್ತೆ ಬರುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಅದು ನಮ್ಮಂಥವರು ಮನಸ್ಸು ಬಂದಾಗ ಹೋಗುವ ಊರಲ್ಲ. ಆದರೆ ಬರ್ತೀನಿ ಅಂದರೆ ಈ ಹೆಂಗಸು ಕಾಯುತ್ತಾರೆ. ಒಬ್ಬರಿಗಾಗಿ ಹಾಗೆ ಕಾದು ಆಗಿದೆ, ಇನ್ನೊಂದು ಸಲ ಯಾಕೆ? ಅವ್ವನಿಗೆ ಕೇಳಿಸದಷ್ಟು ದೂರದಲ್ಲಿದ್ದೇನೆ ಎಂಬ ಧೈರ್ಯದಲ್ಲಿ, ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು "ಇಶ್ ಗೇಯೆ" ಅಂದೆ. ಹೋಗ್ತೀನಿ.

ರೆನಾಟೆಯ ಮುಖ ಸಣ್ಣದಾಯಿತು. ಪೆಟ್ಟಿಗೆಯ ಹಿಡಿಕೆಯನ್ನು ಹಿಡಿದುಕೊಂಡರು.

"ಹಾಗಲ್ಲ. ನಿಮ್ಮೂರಿನ ಹಾಗೆ ಹೇಳು."

"ಬರೋದಕ್ಕೆ ಆಗೋಲ್ಲ, ರೆನಾಟೆ."

"ಅಷ್ಟೂ ತಿಳಿಯೋಲ್ವಾ ನನಗೆ? ಹೇಳು."

ಕನ್ನಡದಲ್ಲೇ ಹೇಳಿದೆ. ಅವರು ಪೆಟ್ಟಿಗೆ ಬಿಟ್ಟು "ಬಾ" ಅಂದರು. ಮೆಟ್ಟಿಲಿಳಿಯುವಾಗ ನನಗೆ ಅಳು ಬಂತು. ಅಳುವಂಥ ಹುಡುಗಿ ನಾನಲ್ಲವೆಂದು ನಂಬಿಕೊಂಡಿದ್ದೆ.

ಮೊನ್ನೆ ಮೊಳಕಾಲ್ಮೂರಿನಲ್ಲಿ ಬಸ್ಸಿಳಿದು ಮನೆಗೆ ಬಂದವಳೇ ಬೀರುವಿನಲ್ಲಿ ಪಾಸ್‌ಪೋರ್ಟ್ ಹುಡುಕತೊಡಗಿದೆ. ಅವ್ವ ಮಗ್ಗ ನಿಲ್ಲಿಸಿ ನೋಡಿದಳು.

"ಏನೇ ಅದು? ಮತ್ತೆ ಯಾವ ಕಡೀಗೆ?"

"ಒಬ್ಬರಿಗೆ ಬರ್ತೀನಿ ಅಂತ ಹೇಳಿದ್ದೆ, ಅವ್ವ."

"ಯಾವಾಗ?"

"ಒಂಬತ್ತು ವರ್ಷ ಆಯ್ತು."

"ಅಯ್ಯೋ ನಿನ್ನ," ಅಂದಳು ಅವ್ವ, "ಅಷ್ಟ್ ವರ್ಷ ಯಾರನ್ನಾರ ಕಾಯಿಸ್ತಾರೇನೇ?"