ಬಿಳಿ ಫ್ರೇಮಿನ ಹಳದಿ ಗ್ಲಾಸು

ತೊಂಬತ್ತರ ದಶಕದ ನಡುವಿನಲ್ಲಿ ನಾನು ಮೂಡಲಗಿಯ ಹೈಸ್ಕೂಲೊಂದಕ್ಕೆ ಆಟ ಕಲಿಸುವ ಟೀಚರಾಗಿ ಸೇರಿದೆ. ದಿನವಿಡೀ ಮೈದಾನದ ಬಿಸಿಲು. ಕಣ್ಣು ಕೆಂಪಾಗಿ ನೀರು ಸುರಿಯತೊಡಗಿದಾಗ ಗೋಕಾಕದ ಚಷ್ಮಾ ಅಂಗಡಿಗೆ ಹೋದೆ. ಅಂಗಡಿಯ ಕಾಕಾ ಹೆಂಗಸರ ಗಾಗಲ್‌ಗಳನ್ನು ಸಾಲಾಗಿ ಮುಂದಿಟ್ಟರು. ನಾನು ಕಪಾಟಿನ ತುದಿಯಲ್ಲಿ ಧೂಳು ಹಿಡಿದಿದ್ದ ಒಂದನ್ನು ತೋರಿಸಿದೆ. ಸೈಕಲ್ ರೇಸಿನವರು ಹಾಕುವಂಥದ್ದು: ಬಿಳಿ ಫ್ರೇಮು, ಈ ಕಿವಿಯಿಂದ ಆ ಕಿವಿಯವರೆಗೆ ಒಂದೇ ಹಳದಿ ಗ್ಲಾಸು.

"ಅದು ಗಂಡಸೂರ್ದು ತಂಗಿ. ಹಳೇ ಮಾಲು, ಯಾರೂ ಒಯ್ದಿಲ್ಲ."

"ಬಿಸಲು ಗಂಡಸೂರಿಗಷ್ಟs ಬಡೀತೈತೇನ್ರಿ ಕಾಕಾ?" ಎಂದು ಅದನ್ನೇ ಕೊಂಡೆ.

ಕಾಕಾ ನಕ್ಕು, ಕಿವಿಗೆ ಸಿಕ್ಕಿಸುವ ಕಡ್ಡಿಯ ಒಳಬದಿಯಲ್ಲಿ ಒತ್ತಿದ್ದ ಸಣ್ಣ ಮಾಡೆಲ್ ನಂಬರನ್ನು ತೋರಿಸಿದರು. ಇದೇ ಫ್ರೇಮು ಕಪ್ಪಿನಲ್ಲಿಯೂ ಕೆಂಪಿನಲ್ಲಿಯೂ ಬರುತ್ತಿತ್ತಂತೆ. ಕಪ್ಪಿಗೆ ಹೊಗೆಬಣ್ಣದ ಗ್ಲಾಸು, ಕೆಂಪಿಗೆ ಕಂದು. ಒತ್ತಿದರೆ ಗ್ಲಾಸು ಕಳಚಿ ಬರುವುದರಿಂದ ಜನ ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹಾಕಿಕೊಂಡು ಕೆಡಿಸುತ್ತಾರೆ. "ಕಂಪನ್ಯಾಗ ಯಾವ ಫ್ರೇಮಿಗೆ ಯಾವ ಗ್ಲಾಸ್ ಹಾಕಿದ್ರೋ ಅದs ಖರೆ ಜೋಡಿ," ಅಂದರು.

ಅಲ್ಲಿಂದ ನನಗೆ ಇಂಥ ಖರೆ ಜೋಡಿಗಳನ್ನು ಕೂಡಿಹಾಕುವ ಹುಚ್ಚು ಹಿಡಿಯಿತು. ಕೆಂಪು ಫ್ರೇಮು ಹುಕ್ಕೇರಿಯ ಅಂಗಡಿಯೊಂದರ ಅಟ್ಟದ ಮೇಲಿನ ಡಬ್ಬಿಯಲ್ಲಿ ಸಿಕ್ಕಿತು. ಕಪ್ಪನ್ನು ಕಂಡದ್ದು ಘೋಡಗೇರಿಯ ಹೊಲದಲ್ಲಿ, ಕುರಿ ಕಾಯುತ್ತಿದ್ದ ಅಜ್ಜನ ಮೂಗಿನ ಮೇಲೆ. ಬದಲಿಗೆ ಹೊಸದೊಂದನ್ನು ತಂದುಕೊಟ್ಟಾಗ ಅಜ್ಜ ನನ್ನ ಮುಖವನ್ನೇ ನೋಡಿದ. "ಹೊಸಾದ್ ಕೊಟ್ಟು ಹಳೇದ್ ಒಯ್ತಿ. ಆರಾಮ ಅದಿಯಿಲ್ಲೋ ಯವ್ವಾ?"

ಆರಾಮವಾಗಿಯೇ ಇದ್ದೆ. ಆರು ವರ್ಷಗಳಲ್ಲಿ ಬೇರೆ ಬೇರೆ ಮಾದರಿಯವೂ ಸೇರಿ ಹತ್ತೊಂಬತ್ತು ಗಾಗಲ್‌ಗಳಾದವು. ಗಂಡ ಬೇಡ ಅನ್ನಲಿಲ್ಲ, ಭೇಷ್ ಎಂದೂ ಅನ್ನಲಿಲ್ಲ. ಅತ್ತೆಗೆ ಮಾತ್ರ ನಾಚಿಕೆ. ನೆಂಟರು ಬಂದಾಗಲೆಲ್ಲ ನನ್ನ ಡಬ್ಬಿಗಳು ಮಂಚದ ಕೆಳಗೆ ಸೇರುತ್ತಿದ್ದವು.

ಒಂದು ದಿನ ಸಾಲೆಯಿಂದ ಬಂದು ನೋಡುತ್ತೇನೆ, ನನ್ನ ಬಿಳಿ ಫ್ರೇಮಿನಲ್ಲಿ ಕನ್ನಡಿಯಂತೆ ಹೊಳೆಯುವ ನೀಲಿ ಗ್ಲಾಸು. ಮೈದುನ ತನ್ನ ಗೆಳೆಯನ ಮದುವೆಗೆ ಹಾಕಿಕೊಳ್ಳಲೆಂದು ಪೇಟೆಯಲ್ಲಿ ಬದಲಿಸಿ ತಂದಿದ್ದ.

"ಹಳದಿ ಹಳೇದಾಗಿತ್ತು ವೈನಿ. ಚಂದ ಮಾಡಿಸ್ಕೊಂಡ ಬಂದೇನಿ."

"ಹಳದಿ ಎಲ್ಲೈತಿ?"

"ಅಂಗಡ್ಯಾಗs ಬಿಟ್ಟೆ."

"ನಡಿ, ಈಗಿಂದೀಗ ಹೋಗೂಣು."

"ಒಂದು ಪ್ಲಾಸ್ಟಿಕ್ ತುಂಡಿನ ಸಲುವಾಗಿ ಬಾಜಾರದಾಗ ನಿಂತು ಜಗಳಾ ಮಾಡಾಕಿ ಏನು?" ಎಂದು ಅತ್ತೆ ಅಡ್ಡ ಬಂದರು.

"ಹೌದ್ರಿ, ಮಾಡಾಕಿನ," ಎಂದು ಚಪ್ಪಲಿ ಮೆಟ್ಟಿದೆ.

ಅಂಗಡಿಯವನು ಹಳದಿ ಗ್ಲಾಸಿನ ಎಡತುದಿಯನ್ನು ಬೇರೊಂದು ಚಷ್ಮಾಕ್ಕೆಂದು ಆಗಲೇ ಕತ್ತರಿಸಿಕೊಂಡು ಮಿಕ್ಕಿದ್ದನ್ನು ಕಸದ ಬುಟ್ಟಿಗೆ ಎಸೆದಿದ್ದ. ನೆಲಕ್ಕೆ ಕೂತು ಬುಟ್ಟಿ ಸುರುವಿ ಆರಿಸಿಕೊಂಡೆ. ಮೈದುನ ತಲೆ ತಗ್ಗಿಸಿ ಬಾಗಿಲಲ್ಲಿ ನಿಂತಿದ್ದ. ನೀಲಿಯದನ್ನು ಕಳಚಿ ಅವನ ಕೈಗಿಟ್ಟು, ತುಂಡಾದ ಹಳದಿಯನ್ನೇ ಫ್ರೇಮಿಗೆ ಕೂಡಿಸಿದೆ. ಎಡಗಣ್ಣಿನ ಮೂಲೆಯಲ್ಲಿ ಎರಡು ಬೆರಳಿನಷ್ಟು ಬಯಲು.

ಮನೆಗೆ ಬಂದು ಪಡಸಾಲೆಯ ಗಾಜಿನ ಕಪಾಟಿನಲ್ಲಿದ್ದ ಸ್ಟೀಲಿನ ಡಬ್ಬಿಗಳನ್ನು ಕೆಳಗಿಳಿಸಿದೆ. ಹತ್ತೊಂಬತ್ತೂ ಗಾಗಲ್‌ಗಳನ್ನು ಎಲ್ಲರಿಗೂ ಕಾಣುವಂತೆ ಜೋಡಿಸಿ, ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಬಂದ ಮಂದಿ ಏನಂತಾರು?" ಅತ್ತೆ ಕೇಳಿದರು.

"ಕೇಳಿದ್ರ ನನ್ನ ಕಡೆ ಕಳಸ್ರಿ. ನಾ ಹೇಳ್ತೇನಿ."

ಆ ವಾರವೇ ಹುಕ್ಕೇರಿಯಲ್ಲಿ ಕ್ರೀಡಾಕೂಟ. ನಮ್ಮ ಹುಡುಗಿಯರನ್ನು ಓಟಕ್ಕೆ ಕರೆದೊಯ್ದಿದ್ದೆ. ಕತ್ತರಿಸಿದ ಗ್ಲಾಸಿನ ಬಿಳಿ ಫ್ರೇಮನ್ನೇ ಹಾಕಿಕೊಂಡು ಹೋದೆ. ವೇದಿಕೆಯ ಬಳಿ ಹೆಡ್ ಮಾಸ್ತರರು ತಡೆದರು.

"ಅಕ್ಕೋರ, ದೊಡ್ಡ ಮಂದಿ ಬರಾಕತ್ತಾರ. ಅದನ್ನ ತಗದ ಇಡ್ರಿ."

"ಅವ್ರಿಗೆ ಶಾಮಿಯಾನಾ ಐತಿ ಸರ್. ನಾನೂ ನನ್ನ ಹುಡುಗ್ಯಾರೂ ಬಿಸಲಾಗ ಅದೇವಿ. ತಗಿಯಂಗಿಲ್ರಿ."

ಅವರು ಸಿಟ್ಟಿನಿಂದ ಬೇರೆ ಕಡೆ ನೋಡಿದರು. ಆಮೇಲೆ ತಿಂಗಳುಗಟ್ಟಲೆ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ನಾನು ಸೀಟಿಯನ್ನು ಬಾಯಿಗಿಟ್ಟು ಓಟದ ಗೆರೆಯ ಹತ್ತಿರ ನಡೆದೆ. ಹುಡುಗಿಯರು ಬಗ್ಗಿ ನಿಂತಿದ್ದರು. ತೆರೆದ ಮೂಲೆಯಿಂದ ಗಾಳಿ ನುಗ್ಗಿ ಎಡಗಣ್ಣಿನಲ್ಲಿ ನೀರಾಡುತ್ತಿತ್ತು. ಒರೆಸಿಕೊಳ್ಳದೆ ಜೋರಾಗಿ ಸೀಟಿ ಊದಿದೆ.